ಉಸಿರಿನ ಫೈಲು

ಆ ಪಿ.ಟಿ. ಮೇಷ್ಟ್ರಿಗೆ ಏಳು ಕೆರೆಯ ನೀರು ಕುಡಿಸದೆ ಬಿಡುವುದಿಲ್ಲ ಎಂದು ನಾನು ತೀರ್ಮಾನಿಸಿದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ. ಒಳಗೆ ನನ್ನ ಹದಿನಾಲ್ಕು ವರ್ಷದ ಮಗಳ ಮುಖಕ್ಕೆ ನೆಬ್ಯುಲೈಸರಿನ ಮಾಸ್ಕು ಕಟ್ಟಿದ್ದರು. ಪ್ರತಿ ಉಸಿರಿಗೂ ಅವಳ ಕತ್ತಿನ ಕೆಳಗಿನ ಗುಳಿ ಒಳಗೆ ಸೇದಿಕೊಳ್ಳುತ್ತಿತ್ತು. ಅದನ್ನು ನೋಡಲಾಗದೆ ಹೊರಗೆ ಬಂದು ನಿಂತಿದ್ದೆ. ಅಳು ಬರಲಿಲ್ಲ. ನನಗೆ ಅಳುವಿಗಿಂತ ಮೊದಲು ಕೋಪ ಬರುತ್ತದೆ, ಬಂದದ್ದು ಬೇಗ ಹೋಗುವುದೂ ಇಲ್ಲ.

ಆಗಿದ್ದು ಇಷ್ಟು. ದೀಪಾವಳಿಯ ನಂತರ ಗಾಳಿ ಕೆಟ್ಟು ಮುಚ್ಚಿದ್ದ ಶಾಲೆಗಳು ಮತ್ತೆ ತೆರೆದಿದ್ದವು. ಒಂಬತ್ತನೇ ಕ್ಲಾಸಿನವರನ್ನು ಸ್ಪೋರ್ಟ್ಸ್ ಡೇಗೆ ತಯಾರು ಮಾಡಲು ಮೈದಾನದಲ್ಲಿ ಓಡಿಸುತ್ತಿದ್ದರು. ಎರಡನೇ ಸುತ್ತಿನಲ್ಲಿ ನನ್ನ ಮಗಳು ನಿಂತು, ಎದೆ ಹಿಡಿದುಕೊಂಡು, ಸರ್, ಉಸಿರು ಬರ್ತಿಲ್ಲ ಎಂದಳು. ಆತ ವಿಷಲ್ ಊದಿ, "ಡ್ರಾಮಾ ಮತ್ ಕರೋ, ರೌಂಡ್ ಪೂರಾ ಕರೋ" ಎಂದ. ನಾಟಕ ಮಾಡಬೇಡ, ಸುತ್ತು ಮುಗಿಸು. ಅವಳು ಓಡಿದಳು. ಮುಗಿಸುವ ಮೊದಲೇ ಬಿದ್ದಳು.

ನಾನು ದಿಲ್ಲಿಯ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಅಸಿಸ್ಟೆಂಟಾಗಿ ದಾವಣಗೆರೆಯಿಂದ ಬಂದು ಇಪ್ಪತ್ತೆರಡು ವರ್ಷವಾಯಿತು. ಶಾಲೆಯಿಂದ ಫೋನು ಬಂದಾಗ ಒಂದು ಪಾರ್ಲಿಮೆಂಟ್ ಪ್ರಶ್ನೆಗೆ ಉತ್ತರ ತಯಾರಿಸುತ್ತಿದ್ದೆ. ಹಾಗೇ ಎದ್ದು ಬಂದು ಆಟೋ ಹಿಡಿದಿದ್ದೆ. ನನ್ನ ಗಂಡನ ಕಚೇರಿ ಗುರುಗ್ರಾಮದಲ್ಲಿ. ಅವರು ಮೆಟ್ರೋ ಹಿಡಿದು ಬಂದು ಸೇರುವಷ್ಟರಲ್ಲಿ ನಾನು ಆ ಮೇಷ್ಟ್ರ ಹೆಸರು, ಅವನ ಊರು, ಅವನು ಕಾಂಟ್ರ್ಯಾಕ್ಟ್ ಮೇಲೆ ಇರುವವನು, ಮಾರ್ಚಿನಲ್ಲಿ ಅವನ ಅವಧಿ ಮುಗಿಯುತ್ತದೆ, ಇಷ್ಟನ್ನೂ ಬೇರೆ ತಾಯಂದಿರಿಂದ ಫೋನಿನಲ್ಲೇ ತಿಳಿದುಕೊಂಡಾಗಿತ್ತು.

ಡಾಕ್ಟರಮ್ಮ ನಮ್ಮಿಬ್ಬರನ್ನೂ ಒಳಗೆ ಕರೆದು ಇದು ಅಸ್ತಮಾ ಎಂದರು. ಮನೆಯಲ್ಲಿ ಯಾರಿಗಾದರೂ ಇದೆಯೇ, ಅಲರ್ಜಿ ಇದೆಯೇ ಎಂದೆಲ್ಲ ಕೇಳಿದರು. ಆಮೇಲೆ, ಚಿಕ್ಕವಳಿದ್ದಾಗ ಭಯ, ಆತಂಕ, ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ಎದೆ ಬಿಗಿತ, ಅಂಥದ್ದೇನಾದರೂ ಇತ್ತೇ ಎಂದರು.

"ಇಲ್ಲ, ಅಂಥದ್ದು ಏನೂ ಇಲ್ಲ" ಎಂದೆ.

ಮಗಳು ಮಾಸ್ಕಿನೊಳಗಿಂದ ನನ್ನನ್ನೊಮ್ಮೆ ನೋಡಿ ಗೋಡೆಯ ಕಡೆ ತಿರುಗಿದಳು. ಸುಸ್ತಾಗಿದ್ದಾಳೆ ಎಂದುಕೊಂಡೆ.

ಮರುದಿನ ಸಂಜೆಯೇ ಊಟದ ಮೇಜಿನ ಮೇಲೆ ಫೈಲು ಶುರುವಾಯಿತು. ಆಫೀಸಿನಲ್ಲಿ ಮಾಡುವ ಹಾಗೆಯೇ: ಎಡಗಡೆ ಟಿಪ್ಪಣಿ, ಬಲಗಡೆ ಕಾಗದಪತ್ರ, ಮುಖ್ಯವಾದ ಪುಟಗಳಿಗೆ ಬಣ್ಣದ ಚೀಟಿ. ಆಸ್ಪತ್ರೆಯ ವರದಿ ಒಂದು ಚೀಟಿಗೆ. ಅವತ್ತು ಗಾಳಿ ಎಷ್ಟು ಕೆಟ್ಟಿತ್ತೆಂಬ ಸರ್ಕಾರಿ ಪ್ರಕಟಣೆ ಇನ್ನೊಂದಕ್ಕೆ. ಮೈದಾನದಲ್ಲಿದ್ದ ಮೂವರು ಹುಡುಗಿಯರ ಅಮ್ಮಂದಿರು ವಾಟ್ಸಾಪಿನಲ್ಲಿ ಬರೆದದ್ದು ಮತ್ತೊಂದಕ್ಕೆ. ದೂರು ಪ್ರಿನ್ಸಿಪಾಲರಿಗೆ, ಅದರದೊಂದು ನಕಲು ಶಾಲೆ ನಡೆಸುವ ಟ್ರಸ್ಟಿಗೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಕಲಿತ ವಿದ್ಯೆ ಇದೊಂದೇ. ಒಬ್ಬ ಮನುಷ್ಯನನ್ನು ಮುಗಿಸಬೇಕಾದರೆ ಕೂಗಾಡಬೇಕಿಲ್ಲ. "ಸದರಿಯವರಿಂದ ವಿವರಣೆ ಪಡೆಯುವುದು ಸೂಕ್ತ" ಎಂದು ತಣ್ಣಗೆ ಬರೆದರೆ ಸಾಕು, ಉಳಿದದ್ದನ್ನು ಕಾಗದವೇ ನೋಡಿಕೊಳ್ಳುತ್ತದೆ.

ಸುಳ್ಳೇಕೆ ಹೇಳಲಿ, ಆ ದಿನಗಳಲ್ಲಿ ನನಗೆ ಬಹಳ ಖುಷಿಯಿತ್ತು. ಆಫೀಸಿನಿಂದ ಬಂದು ಚಹಾ ಕುಡಿದು ಫೈಲು ಬಿಚ್ಚಿದರೆ ಹೊಟ್ಟೆ ತಣ್ಣಗಾಗುತ್ತಿತ್ತು. ಆ ಮನುಷ್ಯ ಟ್ರ್ಯಾಕ್ ಸೂಟು ಹಾಕಿಕೊಂಡು ಇನ್ನೊಂದು ಶಾಲೆಯ ಗೇಟಿನಲ್ಲಿ ಕೆಲಸ ಕೇಳುತ್ತ ನಿಂತಿರುವುದನ್ನು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದೆ. ಅಲ್ಲಿಯವರೂ ನನ್ನ ಕಾಗದದ ಬಗ್ಗೆ ಕೇಳಿರಬೇಕು, ಅವನನ್ನು ಹೊರಗೇ ನಿಲ್ಲಿಸಿರಬೇಕು, ಹೀಗೆ.

"ಸಾಕು ಬಿಡು ಮಾರಾಯ್ತಿ. ಮಗು ಹುಷಾರಾದ್ಲಲ್ಲ" ಎಂದರು ನನ್ನವರು.

"ನೀವು ಸುಮ್ನಿರಿ. ನಿಮ್ಮ ಥರ ಎಲ್ಲಾದಕ್ಕೂ ಅಚ್ಛಾ ಅಚ್ಛಾ ಅಂದ್ಕೊಂಡು ಕೂತಿದ್ರೆ ಅವನು ನಾಳೆ ಇನ್ನೊಂದು ಮಗೂನ ಕೊಲ್ತಾನೆ."

ಮಗಳು ಸೋಫಾದ ಮೇಲೆ ಕಾಲು ಮಡಚಿ ಕೂತು ಮೊಬೈಲು ನೋಡುತ್ತಿದ್ದಳು. ಅವಳಿಗಾಗಿಯೇ ಇಷ್ಟೆಲ್ಲ ಮಾಡುತ್ತಿದ್ದೇನೆಂದು ಅವಳಿಗೆ ಕಾಣಲಿ ಅಂತಲೇ ನಾನು ಫೈಲನ್ನು ಅಲ್ಲಿ, ಅವಳ ಎದುರಿಗೇ, ಬಿಚ್ಚುತ್ತಿದ್ದದ್ದು. ಅವಳು ಒಂದು ದಿನವೂ ಏನೂ ಕೇಳಲಿಲ್ಲ.

ಎರಡು ವಾರದ ನಂತರ ಪ್ರಿನ್ಸಿಪಾಲರು ಕರೆಸಿದರು. ಮೇಷ್ಟ್ರೂ ಇದ್ದ. ಮೂವತ್ತು ದಾಟಿರದ, ಹರಿಯಾಣದ ಕಡೆಯ ಹುಡುಗ. ಇನ್ನೂ ಎತ್ತರದವನಿರಬೇಕೆಂದು ಊಹಿಸಿದ್ದೆ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡಿದ್ದ. ಮಾತೆಲ್ಲ ಹಿಂದಿಯಲ್ಲೇ ನಡೆಯಿತು. ನನ್ನ ದೂರಿನ ಒಂದೊಂದು ಅಂಶವನ್ನೂ ಪ್ರಿನ್ಸಿಪಾಲರು ಒಪ್ಪಿಕೊಂಡರು. ಆಮೇಲೆ ತಮ್ಮ ಡ್ರಾಯರಿನಿಂದ ಒಂದು ಕಟ್ಟು ತೆಗೆದು ಒಂದೊಂದೇ ಹಾಳೆಯನ್ನು ನನ್ನ ಮುಂದಿಟ್ಟರು.

ಪ್ರತಿ ವರ್ಷ ಏಪ್ರಿಲಿನಲ್ಲಿ ಪೋಷಕರು ತುಂಬಿ ಕೊಡುವ ಆರೋಗ್ಯದ ಫಾರ್ಮುಗಳು. ಉಸಿರಾಟದ ತೊಂದರೆ ಇದೆಯೇ? ನಿಲ್. ಭಯ, ಆತಂಕ, ನಿದ್ದೆಯ ತೊಂದರೆ? ನಿಲ್. ಆಪ್ತ ಸಲಹೆಗಾರರ ನೆರವು ಬೇಕೇ? ನಿಲ್. ನೀಲಿ ಇಂಕು, ನನ್ನ ದುಂಡು ಅಕ್ಷರ. ವರ್ಷ ಬೇರೆ ಬೇರೆ, ಉತ್ತರ ಒಂದೇ.

ನಮ್ಮ ಕಚೇರಿಗಳನ್ನು ಕಾಣದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ತಿಂಗಳು ತಿಂಗಳೂ ನಮ್ಮಿಂದ ಹತ್ತಾರು ವರದಿ ಕೇಳುತ್ತಾರೆ: ಕೋರ್ಟ್ ಕೇಸು ಎಷ್ಟು ಬಾಕಿ, ಕುಂದುಕೊರತೆ ಎಷ್ಟು, ಮುರಿದ ಕುರ್ಚಿ ಎಷ್ಟು. ಏನೂ ಇಲ್ಲದಿದ್ದರೂ ಸುಮ್ಮನಿರುವಂತಿಲ್ಲ, ‘ನಿಲ್’ ಎಂದು ಬರೆದು ಕಳಿಸಬೇಕು. ಒಂದು ಇದೆ ಎಂದು ಬರೆದಿರೋ, ಮುಗಿಯಿತು, ಯಾಕೆ, ಏನು, ಕ್ರಮವೇನು ಎಂದು ಮೇಲಿಂದ ಮೇಲೆ ಪ್ರಶ್ನೆ. ಹಾಗಾಗಿ ಕೈಗೆ ಅಭ್ಯಾಸವಾಗಿಬಿಡುತ್ತದೆ. ಖಾಲಿ ಕಾಲಂ ಕಂಡರೆ ನಿಲ್. ಮಗಳ ಫಾರ್ಮನ್ನೂ ನಾನು ಆಫೀಸಿನಲ್ಲೇ ತುಂಬುತ್ತಿದ್ದೆ, ಆ ವರದಿಗಳ ಜೊತೆಗೇ.

ಕೊನೆಯ ಹಾಳೆ ಫಾರ್ಮಲ್ಲ. ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಸಲಹೆಗಾರ್ತಿ ನನಗೆ ಬರೆದ ಚೀಟಿ. ಮಗು ಬೆಳಗಿನ ಪ್ರಾರ್ಥನೆಯ ಮೊದಲು ಅಳುತ್ತಾಳೆ, ಎದೆ ಬಿಗಿಯುತ್ತದೆ ಎನ್ನುತ್ತಾಳೆ, ಹೆದರುತ್ತಾಳೆ, ದಯವಿಟ್ಟು ಬಂದು ಭೇಟಿಯಾಗಿ, ಒಬ್ಬ ಮಕ್ಕಳ ಡಾಕ್ಟರಿಗೂ ತೋರಿಸಿ. ಅದರ ಮೂಲೆಯಲ್ಲಿ ನನ್ನ ಚಿಕ್ಕ ಸಹಿ, ತಾರೀಖು, ‘ಸೀನ್’ ಎಂಬ ಒಂದು ಪದ. ಅಂದರೆ ನೋಡಿದ್ದೇನೆ. ನಮ್ಮಲ್ಲಿ ಒಂದು ಕಾಗದದ ಮೇಲೆ ಹಾಗೆ ಬರೆದರೆ ಅದರ ಕೆಲಸ ಆಯಿತು ಎಂದೇ ಲೆಕ್ಕ. ಅದನ್ನು ವಾಪಸು ಶಾಲೆಗೆ ಕಳಿಸಿ ಕೈ ತೊಳೆದುಕೊಂಡಿದ್ದೆ.

ನಾನು ಯಾಕೆ ಹೋಗಲಿಲ್ಲ ಎಂಬುದೂ ನನಗೆ ನೆನಪಿದೆ. ನಮ್ಮ ಕ್ವಾರ್ಟರ್ಸಿನಲ್ಲಿ ಮಗುವನ್ನು ಮನಸ್ಸಿನ ಡಾಕ್ಟರಿಗೆ ತೋರಿಸಿದರಂತೆ ಎಂಬ ಸುದ್ದಿ ಸಂಜೆಯೊಳಗೆ ಬ್ಲಾಕು ಸುತ್ತುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾನು ಅವಳನ್ನು ನಂಬಿರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಇಲ್ಲಿಯ ಕನ್ನಡದವರೆಲ್ಲ ಸೇರಿ ಮಾಡುವ ರಾಜ್ಯೋತ್ಸವದಲ್ಲಿ ಅವಳಿಂದ ಒಂದು ಭಾಷಣ ಮಾಡಿಸಲು ಹಟ ಹಿಡಿದಿದ್ದೆ. ಅವಳಿಗೆ ಕನ್ನಡ ಓದಲು ಬಾರದು. ದಿಲ್ಲಿಯಲ್ಲಿ ನಾವೆಲ್ಲ ಮಾಡುವಂತೆ ಕನ್ನಡದ ಸಾಲುಗಳನ್ನು ಹಿಂದಿಯ ಅಕ್ಷರದಲ್ಲಿ ಬರೆದುಕೊಟ್ಟು ಉರು ಹೊಡೆಸಿದ್ದೆ. ವೇದಿಕೆ ಮೇಲೆ ಅವಳಿಗೆ ಬಾಯಿ ಕಟ್ಟಿತು. ಎದೆ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟಳು. ನಾನು ಮುಂದಿನ ಸಾಲಿನಲ್ಲಿ ಕೂತು ಮರೆತ ಮಾತನ್ನು ಜೋರಾಗಿ ಎತ್ತಿ ಕೊಟ್ಟೆ. ಜನ ನಕ್ಕರು. ಕೆಳಗೆ ಇಳಿದವಳು, ಅಮ್ಮ, ಸಾಂಸ್ ನಹೀ ಆ ರಹೀ, ಉಸಿರು ಬರ್ತಿಲ್ಲ, ಎಂದಳು. ರೇಷ್ಮೆ ಲಂಗದ ಮರೆಯಲ್ಲಿ ಅವಳ ತೊಡೆ ಚಿವುಟಿ, "ನಾಟಕ ಮಾಡ್ಬೇಡ" ಎಂದೆ.

ಆಮೇಲೆ ಆ ಮಾತು ನಮ್ಮ ಮನೆಯಲ್ಲಿ ದಿನಬಳಕೆಯದಾಯಿತು. ಬೆಳಗ್ಗೆ ಹೊಟ್ಟೆನೋವು ಎಂದರೆ ನಾಟಕ. ಪರೀಕ್ಷೆಗೆ ಮುಂಚೆ ಕೈ ತಣ್ಣಗಾಯಿತೆಂದರೆ ನಾಟಕ. ಐದನೇ ಕ್ಲಾಸಿನ ಹೊತ್ತಿಗೆ ಅವಳು ಹೇಳುವುದನ್ನೇ ನಿಲ್ಲಿಸಿದಳು. ನೋಡಿ, ಸರಿಯಾದಳು ಎಂದು ನಾನು ಬೀಗಿದೆ.

ಇದೆಲ್ಲ ಪ್ರಿನ್ಸಿಪಾಲರ ಮೇಜಿನ ಮುಂದೆ ಕ್ಷಣದಲ್ಲಿ ತಲೆಯೊಳಗೆ ಹಾದು ಹೋಯಿತು. ಬೇರೆ ಯಾರಾದರೂ ಆಗಿದ್ದರೆ ಫೈಲು ಮುಚ್ಚಿ ಎದ್ದು ಬರುತ್ತಿದ್ದರು. ನಾನು ಬರಲಿಲ್ಲ. ಅವಮಾನವಾದಾಗ ನನ್ನ ನಾಲಗೆ ಇನ್ನೂ ಹರಿತವಾಗುತ್ತದೆ.

"ಕಣ್ಣೆದುರಿಗೆ ಮಗು ಏದುಸಿರು ಬಿಡ್ತಿದ್ರೆ ನೋಡೋಕೆ ಫಾರ್ಮು ಬೇಕಾ ಮೇಡಂ?" ಎಂದೆ.

ಮೇಷ್ಟ್ರ ತಪ್ಪು ತಪ್ಪೇ. ನನ್ನ ಹಾಳೆಗಳನ್ನು ತೋರಿಸಿ ಅದನ್ನು ಮುಚ್ಚಲಾಗದೆಂದು ನನಗೆ ಗೊತ್ತಿತ್ತು, ಅದನ್ನೇ ಹಿಡಿದು ಜಗ್ಗಿದೆ. ಮೇಷ್ಟ್ರು ಕ್ಷಮಾಪಣೆ ಬರೆದುಕೊಡುವುದೆಂದಾಯಿತು. ಬರೆದುಕೊಟ್ಟರೆ ಸಾಲದು, ನನ್ನ ಮಗಳ ಎದುರು ನಿಂತು ಓದಬೇಕು ಎಂದೆ. ಅದಕ್ಕೂ ಒಪ್ಪಿದರು.

ಅದು ಡಿಸೆಂಬರಿನ ಒಂದು ಶನಿವಾರದ ಬೆಳಗ್ಗೆ. ಮಗಳು ಬೇಡ ಎಂದಳು. ನಾನು ಬಿಡಲಿಲ್ಲ. ಅದೇ ಕೋಣೆ, ನಾವಿಬ್ಬರು ಕುರ್ಚಿಯಲ್ಲಿ, ಅವನು ನಿಂತುಕೊಂಡು. ಕೈಯಲ್ಲಿ ಕ್ಷಮಾಪಣೆಯ ಹಾಳೆ. ಬರೆದದ್ದನ್ನು ತಡವರಿಸುತ್ತ ಓದುತ್ತಿದ್ದ. ನಾನು ಅವನ ಮುಖದಿಂದ ಕಣ್ಣು ಕೀಳಲಿಲ್ಲ. ಇಷ್ಟು ದಿನ ಕಾದದ್ದಕ್ಕೆ ಇವತ್ತು ಕೂಲಿ ಸಿಕ್ಕಿತು ಎನಿಸುತ್ತಿತ್ತು.

ಮಗಳು ನನ್ನ ತೋಳು ಮುಟ್ಟಿದಳು. ತಿರುಗಿ ನೋಡಿದೆ. ಭುಜಗಳು ಮೇಲೆದ್ದಿದ್ದವು, ಬಾಯಿ ತೆರೆದಿತ್ತು, ತುಟಿಯ ಬಣ್ಣ ಬೇರೆಯಾಗಿತ್ತು. ನಾನು ಅದನ್ನು ನೋಡಿದೆ. ನೋಡಲಿಲ್ಲ ಎಂದು ಹೇಳಿಕೊಳ್ಳಲು ಬಹಳ ಸಲ ಪ್ರಯತ್ನಿಸಿದ್ದೇನೆ, ಆಗುವುದಿಲ್ಲ. ನೋಡಿ, ಅವಳ ಕೈ ಮೇಲೆ ಕೈಯಿಟ್ಟು ಹೇಳಿದೆ:

"ಒಂದ್ನಿಮಿಷ ತಡ್ಕೋ. ಅವರು ಮುಗಿಸ್ಲಿ."

ಓದುವುದನ್ನು ನಿಲ್ಲಿಸಿದ್ದು ಅವನು. ಹಾಳೆ ನೆಲಕ್ಕೆ ಬಿತ್ತು. ಅವಳ ಬ್ಯಾಗಿನ ಪಕ್ಕದ ಜೇಬಿನಲ್ಲಿ ಡಾಕ್ಟರಮ್ಮ ಕೊಟ್ಟಿದ್ದ ಇನ್‌ಹೇಲರ್ ಪಂಪು ಇರುವುದು ಅವನಿಗೆ ಗೊತ್ತಿತ್ತು. ತೆಗೆದು, ಅಲುಗಾಡಿಸಿ, ಉದ್ದ ಕೊಳವೆಗೆ ಸಿಕ್ಕಿಸಿ ಅವಳ ಕೈಗೆ ಕೊಟ್ಟು, ಎದುರಿಗೆ ಮಂಡಿಯೂರಿ ಕೂತ. "ಆರಾಮ್ ಸೇ ಬೇಟಾ. ಏಕ್... ದೋ..." ಎಂದು ಅವಳ ಉಸಿರಿಗೆ ತಕ್ಕಂತೆ ನಿಧಾನವಾಗಿ ಎಣಿಸಿದ. ಅವಳು ಅವನ ಮುಖವನ್ನೇ ನೋಡುತ್ತ ಉಸಿರೆಳೆದಳು. ಆ ಘಟನೆಯಾದ ಮೇಲೆ ಅವನು ಸಿಕ್ ರೂಮಿನ ನರ್ಸಿನ ಹತ್ತಿರ ಕೂತು ಇದನ್ನೆಲ್ಲ ಕಲಿತಿದ್ದನಂತೆ. ನನ್ನ ಫೈಲಿನಲ್ಲಿ ಆ ವಿಷಯ ಇರಲಿಲ್ಲ. ಆ ಪಂಪನ್ನು ಹೇಗೆ ಬಳಸುವುದೆಂದು ನಾನು ಅಲ್ಲಿಯ ತನಕ ಸರಿಯಾಗಿ ಕೇಳಿಕೊಂಡೂ ಇರಲಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮನ ಪ್ರಶ್ನೆಗಳಿಗೆ ಮಗಳು ತಾನೇ ಉತ್ತರಿಸಿದಳು. ಹಿಂದಿಯಲ್ಲಿ, ನನ್ನ ಕಡೆ ನೋಡದೆ. ಪ್ರಾರ್ಥನೆಯ ಸಾಲು, ರಾಜ್ಯೋತ್ಸವದ ವೇದಿಕೆ, ಆರನೇ ಕ್ಲಾಸಿನಿಂದ ಮೆಟ್ಟಿಲು ಹತ್ತಿದರೆ ಎದೆಯೊಳಗೆ ಕೇಳುತ್ತಿದ್ದ ಸಿಳ್ಳೆಯಂಥ ಸದ್ದು, ಅದು ಯಾರಿಗೂ ಕೇಳದಿರಲೆಂದು ಅವಳು ಕೆಮ್ಮುತ್ತಿದ್ದದ್ದು. ಡಾಕ್ಟರಮ್ಮ ಎಲ್ಲವನ್ನೂ ಬರೆದುಕೊಂಡರು. ಭಯವೇ ಅಸ್ತಮಾ ತಂದಿತು ಎಂದು ಹೇಳಲಾಗದು, ಈ ಊರಿನ ಗಾಳಿ ಒಂದೇ ಸಾಕು ಎಂದರು. ಆದರೆ ಚಿಕ್ಕಂದಿನಲ್ಲಿ ಆತಂಕದಲ್ಲಿ ಬೆಳೆದ ಮಕ್ಕಳು ಈ ವಯಸ್ಸಿಗೆ ಅಸ್ತಮಾದೊಂದಿಗೆ ಬರುವುದನ್ನು ನಾವು ಕಾಣುತ್ತೇವೆ; ಭಯ ಉಸಿರನ್ನು ಬಿಗಿಯುತ್ತದೆ, ಬಿಗಿದ ಉಸಿರು ಭಯ ಹೆಚ್ಚಿಸುತ್ತದೆ; ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಬೇಕು; ಆಗಲೇ ಯಾರಾದರೂ ಕರೆದುಕೊಂಡು ಬಂದಿದ್ದರೆ ಚೆನ್ನಾಗಿತ್ತು ಎಂದರು. ಯಾರಾದರೂ ಎಂದಷ್ಟೇ ಹೇಳಿದ್ದು ಅವರ ದೊಡ್ಡತನ.

ನನ್ನ ದೂರನ್ನು ವಾಪಸು ಪಡೆಯಬೇಕಿತ್ತು ಎನ್ನುತ್ತೀರಿ. ಪಡೆಯಲಿಲ್ಲ. ಒಂದು ಸಾಲು ಬರೆದರೆ ಆಗುತ್ತಿತ್ತು. ನಾಳೆ ಬರೆದರಾಯಿತು, ನಾಡಿದ್ದು ಬರೆದರಾಯಿತು ಎಂದು ಮುಂದೂಡಿದೆ. ಅವನು ನನಗಿಂತ ಮೊದಲು ನನ್ನ ಮಗಳ ಉಸಿರು ಕೇಳಿಸಿಕೊಂಡದ್ದಕ್ಕೆ ನಾನು ಅವನನ್ನು ಕ್ಷಮಿಸಿರಲಿಲ್ಲ. ಮಾರ್ಚಿನಲ್ಲಿ ಟ್ರಸ್ಟಿನವರು ಅವನ ಅವಧಿ ಮುಂದುವರಿಸಲಿಲ್ಲ. ಇನ್ನೊಬ್ಬ ತಾಯಿ ಫೋನು ಮಾಡಿ, ನಿಮ್ಮ ಕೆಲಸ ಆಯ್ತಲ್ಲ ಎಂದಾಗ ನನಗೆ ಮೊದಲು ಆದದ್ದು ಸಂತೋಷವೇ. ಒಂದು ಕ್ಷಣದ್ದು, ಆದರೆ ಅಪ್ಪಟ ಸಂತೋಷ.

ಏಪ್ರಿಲಿನಲ್ಲಿ ಹೊಸ ತರಗತಿ ಶುರುವಾದ ದಿನ ಮಗಳು ಮಧ್ಯಾಹ್ನ ಬಂದವಳು ಶೂಸು ಬಿಚ್ಚದೆ ನನ್ನೆದುರು ನಿಂತಳು. ಅವತ್ತು ನಾನು ರಜೆ ಹಾಕಿದ್ದೆ.

"ಪಿ.ಟಿ. ಸರ್ ಹೋದ್ರು. ನೀನು ಖುಷ್ ಇದ್ದೀಯಾ?"

"ಇಲ್ಲಮ್ಮ."

"ಝೂಠ್, ಸುಳ್ಳು. ಸರ್ ನಂಗೆ ಒಂದ್ಸಲ ಡ್ರಾಮಾ ಅಂದ್ರು. ಏಕ್ ಬಾರ್. ಲೆಟರ್ ಬರೆದ್ರು, ನನ್ ಮುಂದೆ ಓದಿದ್ರು, ನೌಕ್ರಿ ಭೀ ಹೋಯ್ತು. ನೀನು ಥರ್ಡ್ ಕ್ಲಾಸಿಂದ ಹೇಳ್ತಾ ಇದ್ದೀಯ. ನಿನ್ ಲೆಟರ್ ಎಲ್ಲಿ?"

ಅವಳ ಕಣ್ಣಿನಲ್ಲಿ ನೀರಿರಲಿಲ್ಲ. ಆ ಮುಖ ನನಗೆ ಚೆನ್ನಾಗಿ ಗೊತ್ತು, ಕನ್ನಡಿಯಲ್ಲಿ ನೋಡಿದ್ದೇನೆ.

ಆ ಪತ್ರ ಬರೆಯಲು ನನಗೆ ಹನ್ನೊಂದು ದಿನ ಹಿಡಿಯಿತು. ಸಂಸತ್ತಿಗೆ ಉತ್ತರ ಬರೆಯುವವಳು ನಾನು. ಮೊದಲ ಕರಡಿನಲ್ಲಿ "ಕೆಲವು ಲೋಪಗಳಾಗಿವೆ" ಎಂದಿತ್ತು. ಮಗಳು ಓದಿ ಹೇಳು ಎಂದು ನನ್ನಿಂದ ಕೇಳಿಸಿಕೊಂಡು, ಯಾರು ಮಾಡಿದ್ದು ಅಂತ ಬರೆದೇ ಇಲ್ಲ ಎಂದು ಹರಿದುಹಾಕಿದಳು. ಕೊನೆಗೆ ಒಂದು ಭಾನುವಾರ ಬೆಳಗ್ಗೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನನ್ನು ಟಿ.ವಿ.ಯ ಮುಂದೆ ನಿಲ್ಲಿಸಿದಳು. ಚಿವುಟಿದ್ದು ಓದಿದೆ. ಸಲಹೆಗಾರ್ತಿಯ ಚೀಟಿಯ ಬಗ್ಗೆ ಓದಿದೆ. ಡಾಕ್ಟರಮ್ಮನಿಗೆ ಸುಳ್ಳು ಹೇಳಿದ್ದು ಓದಿದೆ. ಪ್ರಿನ್ಸಿಪಾಲರ ಕೋಣೆಯ ಆ ಒಂದು ನಿಮಿಷವನ್ನು ಮಾತ್ರ, ಗಂಡನೆದುರು ಬಾಯಿ ಬಾರದೆ, ಹಾರಿಸಿಬಿಟ್ಟೆ. "ಅದೂ ಓದು" ಎಂದಳು. ಅದನ್ನೂ ಓದಿದೆ. ನನ್ನವರು ತಲೆಯೆತ್ತಿ ನನ್ನನ್ನು ನೋಡಿದರು.

ಟ್ರಸ್ಟಿಗೂ ಬರೆದೆ. ಆ ಜಾಗಕ್ಕೆ ಬೇರೆಯವರು ಬಂದಾಗಿದೆ ಎಂದು ಉತ್ತರ ಬಂತು. ಮೇಷ್ಟ್ರಿಗೆ ಫೋನು ಮಾಡಿದರೆ ಎತ್ತುವುದಿಲ್ಲ. ನಾನಾಗಿದ್ದರೂ ಎತ್ತುತ್ತಿರಲಿಲ್ಲ.

ಮಗಳು ಈಗ ತಿಂಗಳಿಗೊಮ್ಮೆ ಉಸಿರಿನ ಡಾಕ್ಟರನ್ನೂ ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರನ್ನೂ ನೋಡುತ್ತಾಳೆ. ಬ್ಲಾಕಿನವರಿಗೆಲ್ಲ ಗೊತ್ತು, ನಾನೇ ಹೇಳಿದ್ದೇನೆ. ಪಂಪು ಬಳಸುವುದನ್ನು ಕಲಿತಿದ್ದೇನೆ, ಎಣಿಸುವುದನ್ನೂ. ಅವಳು ಒಮ್ಮೆ ಕರೆದರೆ ಸಾಕೆಂದು ಕಿವಿ ತೆರೆದುಕೊಂಡೇ ಓಡಾಡುತ್ತೇನೆ.

ಮೊನ್ನೆ ಸಂಜೆ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಾಗ ನನ್ನ ಫೋನು ಹೊಡೆದುಕೊಂಡಿತು. ಗುರುಗ್ರಾಮದಿಂದ, ನನ್ನವರದು. ಮಗಳು ಅವರಿಗೆ ಫೋನು ಮಾಡಿದ್ದಳಂತೆ, ಉಸಿರು ಕಟ್ಟುತ್ತಿದೆ ಎಂದು.

"ಪಕ್ಕದ ರೂಮಲ್ಲೇ ಇದ್ದಾಳೆ, ಹೋಗಿ ನೋಡು" ಎಂದರು.